ಕೊಡ್ಲಿ ಮುಟ್ಟಿಸಬ್ಯಾಡ್ರಿ

ಅಂಬಿಗ ಕಾಕಾರ ಎರಡೂ ಕಿವಿಗಳಲ್ಲಿ ಸದಾ ಹತ್ತಿ ತುರುಕಿರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಸಿದ ಕುಸುಬಿ ಎಣ್ಣೆಯಲ್ಲಿ ಅದ್ದಿದ ಹತ್ತಿ. ಎಣ್ಣೆ ಇಳಿದು ಕಿವಿಯ ಹಾಲೆಗಳು ಮಿಂಚುತ್ತಿದ್ದವು, ಹತ್ತಿರ ಕೂತರೆ ಒಗ್ಗರಣೆಯ ವಾಸನೆ. ಮೂವತ್ತು ನಲವತ್ತು ವರ್ಷ ಭೀಮಾ ಹೊಳೆಯಲ್ಲಿ ಮುಳುಗಿ ಎದ್ದದ್ದರ ಫಲ ಅದು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ತಮಗೆ ಕೇಳುವುದಿಲ್ಲವೆಂದು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು. ಸುಮ್ಮನೆ ‘ಊಟ ಆತೇನು’ ಎಂದು ಕೇಳಿದರೂ ಹೊಸಬರು ಜಗಳಕ್ಕೆ ಬಂದರೆಂದೇ ತಿಳಿಯುತ್ತಿದ್ದರು.

ಅವರ ಬಗ್ಗೆ ಮೆತ್ತಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಆಗುವುದಿಲ್ಲ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೈ ಉರಿಯುತ್ತದೆ. ನಾವೆಯ ಗುತ್ತೇದಾರನ ಮೇಲೆ, ಜೀಪಿನಲ್ಲಿ ಬಂದ ಒಬ್ಬ ಸಾಹೇಬನ ಮೇಲೆ, ಅವರಿಬ್ಬರಿಗಿಂತ ಹೆಚ್ಚು ನನ್ನ ಮೇಲೆ. ಸಾಹೇಬ ಯಾವ ಕಚೇರಿಯವನು ಎಂದು ಈಗಲೂ ಹೇಳುವುದಿಲ್ಲ. ನಾನು ಇಂದಿಗೂ ಸರಕಾರದ ಪಿಂಚಣಿ ಉಣ್ಣುವವನು.

ನಾನು ಸೊಲ್ಲಾಪುರದ ಬಟ್ಟೆ ವ್ಯಾಪಾರದ ಮನೆಯವನು. ಅಂಗಡಿಯ ಗಾದಿ ಹಿಡಿಸದೆ ಮಾಸ್ತರಿಕೆಗೆ ಹೋದೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಕ್ಕಲಕೋಟ ತಾಲೂಕಿನ ಒಂದು ಹೊಳೆದಂಡೆಯ ಊರಿನ ಕನ್ನಡ ಶಾಲೆಗೆ ನನ್ನನ್ನು ಹಾಕಿದರು. ಹೊಳೆಯ ಆಚೆ ದಂಡೆ ಬೇರೆ ರಾಜ್ಯ, ನಡುವೆ ಓಡಾಡುವುದು ಕಾಕಾರ ನಾವೆ. ಸಂಜೆ ಹೋಗಲು ಬೇರೆ ಜಾಗವಿಲ್ಲದೆ ದಂಡೆಗೆ ಹೋಗಿ ಕೂರುತ್ತಿದ್ದೆ. ನನಗೆ ಈಜು ಬರುವುದಿಲ್ಲ ಎಂದು ತಿಳಿದ ದಿನ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹೊಳಿ ಊರಿಗೆ ಬಂದೀರಿ, ಈಸು ಬರಂಗಿಲ್ಲ. ನಿಮ್ಮ ಸೊಲ್ಲಾಪುರದಾಗ ನಳದ ಕೆಳಗ ತಲಿ ಹಿಡದ್ರ ಆತೇನು? ನಾಳಿಗಿ ಪಂಚಾ ಉಟ್ಕೊಂಡ ಬರ್ರಿ ಮಾಸ್ತರ.”

ಎರಡು ತಿಂಗಳಲ್ಲಿ ಕಲಿಸಿದರು. ಕೈ ಹಿಡಿದು ಕಲಿಸುವ ಪೈಕಿ ಅಲ್ಲ, ನೂಕಿ, ಬೈದು ಕಲಿಸಿದರು. ಒಂದು ದಿನ ಎದೆಮಟ್ಟದ ನೀರಿನಲ್ಲಿ ಹಳೆಯ ಸಣ್ಣ ದೋಣಿಯೊಂದನ್ನು ಬೋರಲು ಮಾಡಿ, “ಬರ್ರಿ, ಒಳಗ ಹೋಗೂಣು” ಎಂದರು. ಇಬ್ಬರೂ ಮುಳುಗಿ ಅದರ ಒಳಗೆ ಎದ್ದೆವು. ಕತ್ತಲೆ, ಡಾಂಬರಿನ ವಾಸನೆ. ಆದರೆ ಮೂಗಿಗೆ ಗಾಳಿ ಇತ್ತು. ಅಲ್ಲಿ ನಿಂತು ಅವರು ಎಂದಿನಂತೆ ಕೂಗಿಯೇ ಹೇಳಿದರು.

“ಕೊಡ ಬೋರಲ ಹಾಕಿ ನೀರಾಗ ಒತ್ತಿದ್ರ ಒಳಗ ಗಾಳಿ ಉಳೀತದ, ಹೌದಲ್ಲೊ? ಇದೂ ಹಂಗ. ನಾವಿ ಬೋರಲ ಬಿದ್ರ ಮಂದಿ ಹಿಂಗ ಒಳಗ ಸಿಗತಾರ. ಗಾಳಿ ಇರೂತನಕ ನಾವಿ ತೇಲತದ, ಮಂದೀನೂ ಬದಕತಾರ. ಮ್ಯಾಲಿಂದ ತೂತು ಹೊಡದ್ರ ಗಾಳಿ ಹೋತು, ನಾವಿ ಹೋತು, ಮಂದೀನೂ ಹೋದ್ರು.”

“ಹಂಗಾದ್ರ ಹೊರಗ ತರೂದು ಹೆಂಗ ಕಾಕಾ?”

“ಅದ ಕಠಿಣ. ಹೊರಗ ಬರಬೇಕಂದ್ರ ಮೊದಲ ಕೆಳಗ ಮುಳಗಬೇಕು. ಹೆದರಿದವ ಮುಳಗತಾನೇನು? ಗಾಳಿ ಬಿಟ್ಟ ಬಾ ಅಂದ್ರ ನಮ್ಮ ಕುತಗಿನ ಹಿಡೀತಾನ. ಬೈಬೇಕು, ರಮಿಸಬೇಕು, ಮೂಗು ಹಿಡದ ಎಳಕೊಂಡ ಬರಬೇಕು. ಒಬ್ಬೊಬ್ಬರನ್ನ. ಗಡಬಡ ಮಾಡಿದ್ರ ಕೆಟ್ಟಂಗ.”

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆ ಊರಿನಲ್ಲಿ ಕಾಕಾರನ್ನು ಬಿಟ್ಟರೆ ಬೋರಲು ಬಿದ್ದ ದೋಣಿಯ ಹೊಟ್ಟೆಯೊಳಗೆ ನಿಂತು ಉಸಿರಾಡಿದ ಇನ್ನೊಬ್ಬ ಮನುಷ್ಯ ನಾನೊಬ್ಬನೇ ಇದ್ದೆ.

ಅವರದು ಒಂದು ಕಟ್ಟಳೆ ಇತ್ತು. ಕುರಿ ಮತ್ತು ಮನುಷ್ಯರನ್ನು ಒಂದೇ ಖೇಪಿನಲ್ಲಿ ದಾಟಿಸುತ್ತಿರಲಿಲ್ಲ. ಮಳೆಗಾಲ ಮುಗಿಯುತ್ತಲೇ ಕುರುಬರು ಹಿಂಡು ಹೊಡೆದುಕೊಂಡು ಬರುತ್ತಿದ್ದರು. ತಮ್ಮ ದೇವರು ಬೀರೋಬಾನ ಭಂಡಾರದ ಅರಿಷಿಣ ಹಣೆಗೆ ಹಚ್ಚಿಕೊಂಡು, ನಾವೆಯ ಮೂತಿಗೂ ಒಂದು ಚಿಟಿಕೆ ಹಚ್ಚಿ ಹತ್ತುತ್ತಿದ್ದರು. ಕುರಿಗಳನ್ನು ಬಿಟ್ಟು ತಾವು ಮೊದಲು ದಾಟುವುದೆಂದರೆ ಅವರಿಗೆ ಆಗದ ಮಾತು. ಕಾಕಾ ಬಗ್ಗುತ್ತಿರಲಿಲ್ಲ. ಮುಂದಿನ ಟಗರು ಜಿಗಿದರೆ ಉಳಿದವೆಲ್ಲ ಅದರ ಹಿಂದೆಯೇ ಜಿಗಿಯುತ್ತವೆ, ನಾವೆ ಒಂದೇ ಮಗ್ಗುಲಿಗೆ ವಾಲುತ್ತದೆ. “ನಮ್ಮ ಕುರಿ ನಮ್ಮ ಮಾತ ಕೇಳತಾವ” ಎಂದು ಯಾರಾದರೂ ವಾದಿಸಿದರೆ, “ಹಂಗಾದ್ರ ಈಸ್ಕೋತ ಬರ್ರಿ ಅಂತ ಹೇಳ್ರಿ ಅವಕ್ಕ” ಎನ್ನುತ್ತಿದ್ದರು.

ಸೀಗಿ ಹುಣ್ಣಿಮೆಯ ಹಿಂದಿನ ದಿನ ಈ ಕಟ್ಟಳೆ ಮುರಿಯಿತು. ಮಧ್ಯಾಹ್ನದ ಹೊತ್ತು, ಶಾಲೆಗೆ ರಜೆ ಇದ್ದು ನಾನು ಆಗಲೇ ದಂಡೆಯಲ್ಲಿದ್ದೆ. ಹೊಳೆ ಇನ್ನೂ ತುಂಬಿಯೇ ಇತ್ತು. ನಮ್ಮ ದಂಡೆಗೆ ಸಾಹೇಬನ ಜೀಪು ಬಂದು ನಿಂತಿತ್ತು. ಆಚೆ ಊರಿನಲ್ಲಿ ಅವನಿಗೆ ಊಟದ ಕರೆ. ನಾವೆ ಆಚೆ ದಂಡೆಯಲ್ಲಿತ್ತು, ಅಲ್ಲಿ ಒಂದು ಕುರುಬರ ಕುಟುಂಬ ಹಿಂಡಿನೊಂದಿಗೆ ಕಾಯುತ್ತಿತ್ತು. ಗುತ್ತೇದಾರನೂ ಅಲ್ಲೇ ಇದ್ದ. ಮುಂದೆ ನಡೆದ ಮಾತು ನನಗೆ ಆಮೇಲೆ ಕುರುಬರಿಂದ ತಿಳಿಯಿತು. ಎರಡು ಖೇಪು ಮಾಡಿದರೆ ಸಾಹೇಬರು ಬಿಸಿಲಲ್ಲಿ ಕಾಯಬೇಕಾಗುತ್ತದೆ, ಎಲ್ಲವನ್ನೂ ಒಟ್ಟಿಗೆ ತುಂಬು ಎಂದು ಗುತ್ತೇದಾರ ಹಟ ಹಿಡಿದ. ಆಗದು ಎಂದರು ಕಾಕಾ. “ಆಗಂಗಿಲ್ಲಂದ್ರ ಗಳ ಕೆಳಗಿಡು, ನಾಳಿಂದ ಬೇರೆಯವ ಬರ್ತಾನ” ಎಂದ ಅವನು. ಕಾಕಾ ಒಂದು ಗಳಿಗೆ ಹೊಳೆಯ ಕಡೆ ನೋಡಿ, ನಾವೆ ನೂಕುವ ಗಳ ಎತ್ತಿಕೊಂಡರು. ಆ ಒಂದು ಗಳಿಗೆಗಾಗಿ ಅವರು ಸಾಯುವವರೆಗೆ ತಮ್ಮನ್ನೇ ಬೈದುಕೊಂಡರು.

ಆದರೂ ನಾವೆ ಮುಕ್ಕಾಲು ಹೊಳೆ ಸರಿಯಾಗಿಯೇ ದಾಟಿತು. ನಮ್ಮ ದಂಡೆಯ ಹತ್ತಿರದ ಬಂಡೆಗಳ ಬಳಿ ಬಂದಾಗ ಜೀಪಿನ ಡ್ರೈವರ್ ಹಾರ್ನ್ ಬಾರಿಸಿದ. ಯಾಕೆ ಬಾರಿಸಿದ? ಸಾಹೇಬರಿಗೆ ಹಸಿವಾಗಿತ್ತು. ಟಗರು ಬೆದರಿ ಜಿಗಿಯಿತು, ಹಿಂಡೆಲ್ಲ ಅದೇ ಮಗ್ಗುಲಿಗೆ ನುಗ್ಗಿತು. ನಾನು ನೋಡುತ್ತಿದ್ದಂತೆಯೇ ನಾವೆ ಮಗುಚಿ ಬೋರಲಾಗಿ, ತೇಲುತ್ತ ಹೋಗಿ ಬಂಡೆಗೆ ಒರಗಿ ನಿಂತಿತು. ಗಂಡಸರು ಕುರಿಗಳ ಉಣ್ಣೆ ಹಿಡಿದು ಹೇಗೋ ದಂಡೆಗೆ ಬಂದರು. ಎಲ್ಲರಿಗಿಂತ ಮೊದಲು ದಂಡೆ ಮುಟ್ಟಿದವನು ಗುತ್ತೇದಾರ. ಮನೆಯ ಮುದುಕಿ ಮತ್ತು ಅವಳ ಸೊಸೆ ಕಾಣಲಿಲ್ಲ.

ನಾನು ಈಜಿಕೊಂಡು ನಾವೆ ಮುಟ್ಟಿದಾಗ ಕಾಕಾ ಅದರ ತಳದ ಮೇಲೆ ಬೋರಲಾಗಿ ಕೈ ಚಾಚಿ, ಕೆನ್ನೆ ಒತ್ತಿ ಮಲಗಿದ್ದರು. ಕಿವಿ ಕೇಳದವರು ಅಂಗೈಯಿಂದ ಕೇಳುತ್ತಿದ್ದರು.

“ಬಡೀಲಿಕತ್ಯಾರ. ಇಬ್ರೂ ಅದಾರ,” ಎಂದರು. “ನೀವು ಇಲ್ಲೇ ಕೂಡ್ರಿ ಮಾಸ್ತರ. ಯಾರನ್ನೂ ಮ್ಯಾಲ ಹತ್ತಿಸಬ್ಯಾಡ್ರಿ. ಯಾರರೆ ಏನರೆ ಅನ್ಲಿ, ಕೊಡ್ಲಿ ಮುಟ್ಟಿಸಬ್ಯಾಡ್ರಿ. ನಿಮಗ ಗೊತ್ತದ.”

ಮುಳುಗಿದರು. ನನ್ನ ಕೆಳಗೆ, ಹಲಗೆಯ ಅಡಿಯಲ್ಲಿ, ಅವರ ಕೂಗು ಕೇಳುತ್ತಿತ್ತು. ಬೈಯುತ್ತಿದ್ದರು, ನಡುವೆ ‘ನಮ್ಮವ್ವ, ಬಾರವ್ವ’ ಎಂದು ಬೇಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಮುದುಕಿಯನ್ನು ಎಳೆದುಕೊಂಡು ಮೇಲೆದ್ದರು. ಅವಳು ಅವರ ಕತ್ತು ಪರಚಿ ರಕ್ತ ತಂದಿದ್ದಳು. ಈಜುತ್ತ ಬಂದಿದ್ದ ಅವಳ ಮಗನ ಕೈಗೆ ಅವಳನ್ನು ಕೊಟ್ಟು, ಏದುಸಿರಿನಲ್ಲೇ ನನಗೆ ಹೇಳಿದರು: “ಸೊಸಿ ಸೀರಿ ಹಲಗಿ ಸಂದಿಗೆ ಸಿಕ್ಕದ. ಬಿಚ್ಚು ಅಂದ್ರ ನಾಚತಾಳ ಹುಚ್ಚಿ. ಹರದ ತರ್ತೀನಿ. ಇನ್ನೊಂದ ಸರ್ತಿ ಸಾಕು.”

ಅವರು ಮುಳುಗಿದ ಮೇಲೆ ಗುತ್ತೇದಾರ ಹರಗೋಲಿನಲ್ಲಿ ಬಂದ. ಜತೆಗೆ ಇಬ್ಬರು ಆಳು, ಒಂದು ಕೊಡಲಿ. ತಳ ಒಡೆದು ಮೇಲಿಂದಲೇ ಎತ್ತಿರೆಂದು ಸಾಹೇಬರ ಹುಕುಂ ಎಂದ. ನಾನು ಬೇಡ ಎಂದೆ. ಗಾಳಿಯ ಮಾತು, ಬೋರಲು ಹಾಕಿದ ಕೊಡದ ಮಾತು ಎಲ್ಲ ಹೇಳಿದೆ. ಅವನು ದಂಡೆಯ ಕಡೆ ತಿರುಗಿ, ಗುರೂಜಿ ಅಡ್ಡ ಬರುತ್ತಿದ್ದಾರೆ ಎಂದು ಕೂಗಿದ. ದಂಡೆಯಿಂದ ಸಾಹೇಬನ ಧ್ವನಿ ಮರಾಠಿಯಲ್ಲಿ ಬಂತು. ನೀವು ಸರಕಾರಿ ನೌಕರರು, ಇದು ನನ್ನ ಆದೇಶ, ಕೆಳಗಿಳಿಯಿರಿ.

ನಾನು ಇನ್ನೂ ಒಂದು ಮಾತು ಆಡಬಹುದಿತ್ತು. ತಳದ ಮೇಲೆ ಅಂಗಾತ ಮಲಗಿಬಿಡಬಹುದಿತ್ತು, ಒಬ್ಬ ಮಾಸ್ತರನ ಮೈಮೇಲೆ ಯಾರೂ ಕೊಡಲಿ ಹಾಕುತ್ತಿರಲಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ಹರಗೋಲಿಗೆ ಇಳಿದೆ.

ಮೂರನೆಯ ಏಟಿಗೆ ಹಲಗೆ ಸೀಳಿತು. ಸೈಕಲ್ ಚಕ್ರದ ಗಾಳಿ ಬಿಟ್ಟ ಹಾಗೆ ಬುಸ್ ಎಂದು ಸದ್ದಾಯಿತು. ಆ ಸದ್ದು ನಿಂತಾಗ ನಾವೆ ನೀರಿನ ಕೆಳಗಿತ್ತು. ಆಳುಗಳು ಕೊಡಲಿ ಹಿಡಿದು ಬೆಪ್ಪಾಗಿ ನೋಡುತ್ತಿದ್ದರು. ಕಾಕಾ ಬಹಳ ಹೊತ್ತು ಬರಲಿಲ್ಲ. ಬಂದಾಗ ಸೊಸೆ ಅವರ ತೋಳಿನಲ್ಲಿದ್ದಳು, ಹರಿದ ಸೀರೆಯ ತುದಿ ಅವರ ಹಲ್ಲಿನಲ್ಲಿತ್ತು. ಅವಳಲ್ಲಿ ಜೀವ ಇರಲಿಲ್ಲ. ಕಾಕಾ ನಾವೆ ಇದ್ದ ಜಾಗ ನೋಡಿದರು, ಕೊಡಲಿ ನೋಡಿದರು, ಹರಗೋಲಿನಲ್ಲಿ ಕೂತ ನನ್ನನ್ನು ನೋಡಿದರು. ಆಮೇಲೆ ಅವಳನ್ನು ಹಿಡಿದುಕೊಂಡೇ ದಂಡೆಯ ಕಡೆ ಈಜಿದರು.

ಸಂಜೆಗೆ ಮೊದಲು ಪಂಚನಾಮೆ ಆಗಬೇಕಿತ್ತು. ಅಕ್ಷರ ಚೆನ್ನಾಗಿದೆ ಎಂದು ಅದನ್ನು ನನ್ನಿಂದಲೇ ಬರೆಸಿದರು. ಸಾಹೇಬ ಮರಾಠಿಯಲ್ಲಿ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಅಂಬಿಗ ತನ್ನ ಇಚ್ಛೆಯಿಂದ ಕುರಿ ಮತ್ತು ಮನುಷ್ಯರನ್ನು ಒಟ್ಟಿಗೆ ತುಂಬಿದ. ನಾವೆಯ ತಳ ಒಡೆಯಲು ಬಿಡದೆ ಹೊತ್ತು ಕಳೆದ. ಅದರಿಂದ ಹೆಂಗಸು ಸತ್ತಳು. ಹಾರ್ನ್ ಇಲ್ಲ, ಊಟದ ಕರೆ ಇಲ್ಲ. ಒದ್ದೆ ಸೀರೆಯಲ್ಲಿ ನಡುಗುತ್ತ ಕೂತಿದ್ದ ಮುದುಕಿ ಇದ್ದಕ್ಕಿದ್ದಂತೆ, “ಅಂವ ನನ್ನ ತಂದಾನ. ನನ್ನ ಸೊಸೀನೂ ತರ್ತಿದ್ದ. ಇವರ ಕೊಡ್ಲಿ ಹಾಕಿ ಕೊಂದ್ರು” ಎಂದಳು. ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ. ಏನಂತೆ ಎಂದು ನನ್ನನ್ನು ಕೇಳಿದ. ಗಾಬರಿಯಾಗಿದ್ದಾಳೆ, ಏನೇನೋ ಬಡಬಡಿಸುತ್ತಿದ್ದಾಳೆ ಎಂದೆ.

ಕಾಕಾರನ್ನು ಕರೆದರು. ಅವರಿಗೆ ಓದಲು ಬಾರದು, ಮರಾಠಿ ಅಷ್ಟಕ್ಕಷ್ಟೇ. “ಏನ ಬರದೀರಿ ಮಾಸ್ತರ?” ಎಂದು ಕೇಳಿದರು.

“ನಡದದ್ದು ಬರದೀನಿ ಕಾಕಾ.”

ಹೆಬ್ಬೆಟ್ಟು ಒತ್ತಿದರು. ನಾನೇ ಅವರ ಕೈ ಹಿಡಿದು ಒತ್ತಿಸಿದೆ.

ಖಟ್ಲೆ ನಡೆದು ಅವರು ಕೆಲವು ತಿಂಗಳು ಒಳಗಿದ್ದು ಬಂದರು. ನಾವೆ ಹೋಯಿತು, ದಂಡೆಗೆ ಕಾಲಿಡಬಾರದೆಂದಾಯಿತು. ಗುತ್ತೇದಾರ ಹೊಸ ನಾವೆ ತಂದ. ನಾನು ಅರ್ಜಿ ಹಾಕಿ ಸೊಲ್ಲಾಪುರಕ್ಕೆ ವರ್ಗ ಮಾಡಿಸಿಕೊಂಡು, ವಿಜಾಪುರ ರಸ್ತೆಯಲ್ಲಿ ಮನೆ ಹಿಡಿದೆ. ನೌಕರಿ ಕಾಯಂ ಆಯಿತು.

ಮೂರು ನಾಲ್ಕು ವರ್ಷಗಳ ಮೇಲೆ ಕಾಕಾ ದುಧನಿಯ ಪೇಟೆಯಲ್ಲಿ ಸಿಕ್ಕರು. ಒಂದು ಧಾನ್ಯದ ಅಡತಿ ಅಂಗಡಿಯ ಮುಂದೆ ಕೂತು ಚೀಲ ಹೊಲಿಯುತ್ತಿದ್ದರು. ನೋಡದ ಹಾಗೆ ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಅವರೇ ಕರೆದರು. ಕೋರ್ಟಿನಲ್ಲಿ ಆ ಕಾಗದವನ್ನು ಓದಿ ಹೇಳಿದ್ದರಂತೆ, ಅದರಲ್ಲಿ ಏನಿತ್ತು ಎಂಬುದು ಅವರಿಗೆ ಗೊತ್ತಿತ್ತು.

“ಕಾಗದದ್ದ ಬಿಡ್ರಿ,” ಎಂದರು. “ಬರೀ ಅಂದ್ರು, ಬರದ್ರಿ. ಆದ್ರ ನಿಮಗ ಗೊತ್ತಿತ್ತಲ್ಲ ಮಾಸ್ತರ. ಒಳಗ ಬಂದು ಉಸರಾಡಿ ನೋಡಿದ್ರಿ. ಉಳದವರು ದಡ್ಡರು. ನಿಮಗ ಗೊತ್ತಿತ್ತು. ಯಾಕ ಇಳದ್ರಿ?”

 ಉತ್ತರಕ್ಕೆ ಅವರು ಕಾಯಲಿಲ್ಲ, ತಲೆ ತಗ್ಗಿಸಿ ದಬ್ಬಣ ಚುಚ್ಚತೊಡಗಿದರು.

ಆ ದಶಕದ ಕೊನೆಯಲ್ಲಿ ಅವರು ಹೋದರು. ಅವರ ಮಗ ಕಾಗದ ಹಾಕಿದ್ದ, ಒಂಬತ್ತನೆಯ ದಿನಕ್ಕೆ ದುಧನಿಗೆ ಹೋದೆ. ಅಂಗಳದಲ್ಲಿ ಹತ್ತಿಪ್ಪತ್ತು ಮಂದಿ ಕೂತಿದ್ದರು. ಮಗ ನನಗೆ ಗೌರವದಿಂದ ಚಾಪೆ ಹಾಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ನಮ್ಮಪ್ಪ ಯಾವಾಗಲೂ ಇವರ ಹೆಸರ ಹೇಳಾಂವ. ಆವತ್ತ ಸಾಹೇಬ ಇಳೀ ಅಂದ್ರೂ ಇಳೀದ, ನಾವಿ ಮುಳಗೂತನಕ ಮ್ಯಾಲ ಕೂತವರು ಈ ಮಾಸ್ತರ ಒಬ್ರೇ ಅಂತ.”

ಕಾಕಾ ಆ ಸುಳ್ಳು ಯಾಕೆ ಹೇಳಿದರೋ ನನಗೆ ತಿಳಿಯದು. ಕರುಣೆಯೋ, ಊರಲ್ಲಿ ಒಬ್ಬನಾದರೂ ನಿಂತಿದ್ದ ಎಂದು ಮಗ ನಂಬಲಿ ಎಂಬ ಆಸೆಯೋ. ಅದಕ್ಕಾಗಿ ಅವರ ಮೇಲೂ ನನಗೆ ಸಿಟ್ಟು ಬರುತ್ತದೆ. ಜನ ನನ್ನ ಕಡೆ ನೋಡಿ ಕೈಮುಗಿದರು. ಮಗ ಚಹಾ ತಂದು ಕೊಟ್ಟ. ಇಲ್ಲಪ್ಪ, ನಾನು ಇಳಿದೆ ಎಂದು ಹೇಳಬೇಕಿತ್ತು. ನಾನು ಚಹಾ ಕುಡಿದೆ.