ಹಿಂದಿ ಅಕ್ಕೋರ ಫುಗಡಿ

ನಾನು ಶಿಕ್ಷಕಿಯಾಗಿದ್ದ ಸಿಂದಗಿಯ ಶಾಲೆಯಲ್ಲಿ ಹಿಂದಿ ಕಲಿಸುವ ಅಕ್ಕೋರೊಬ್ಬರಿದ್ದರು. ಅಮೆರಿಕದಲ್ಲಿ ನೆಲೆಸಿದ ಅವರ ಅಣ್ಣ, ತಂಗಿಯನ್ನು ಅಲ್ಲಿಗೇ ಕರೆಸಿಕೊಳ್ಳಲು ಅರ್ಜಿ ಹಾಕಿ ಹದಿನಾಲ್ಕು ವರ್ಷವಾಗಿತ್ತು. "ಮುಂದಿನ ಉಗಾದಿ ಅಣ್ಣನ ಮನ್ಯಾಗ ನೋಡ್ರಿ" ಎಂದು ಪ್ರತಿ ಯುಗಾದಿಗೂ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ ಹೇಳುತ್ತಿದ್ದರು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಕೊನೆಗೊಮ್ಮೆ ಮುಂಬೈಗೆ ವೀಸಾ ಸಂದರ್ಶನಕ್ಕೆ ಕರೆ ಬಂತು. ಹೋಗಿ ಬಂದ ಮರುದಿನ ಶಿಕ್ಷಕರ ಕೋಣೆಗೆ ಓಡುತ್ತಲೇ ಬಂದರು.

"ಅಂವ ನಿಮ್ಮ ಸ್ವಂತ ಅಣ್ಣ ಹೌದೇನ್ರಿ ಅಂತ ಸಾಹೇಬ ಕೇಳಿದ. ಕೈಯಾಗ ಕಾಗದ ಎಲ್ಲಾ ಇದ್ವು, ಆದ್ರೂ ಗಾಬರ್ಯಾಗಿ, ಅವನ ತೋಳಮ್ಯಾಗ ನಾ ಸಣ್ಣಾಕಿದ್ದಾಗ ಕಚ್ಚಿದ ಗುರ್ತು ಐತ್ರಿ ಅಂದ್ನಿ. ಸಾಹೇಬ ನಕ್ಕೋತ, ವೀಸಾ ಆತು ಹೋಗ್ರಿ ಅಂದಬಿಟ್ಟ."

ಹೇಳಿದವರೇ ಹೆಡ್‌ಮೇಡಂ ಅವರ ಎರಡೂ ಕೈ ಹಿಡಿದು ಫುಗಡಿ ಆಡತೊಡಗಿದರು. ಐವತ್ತು ದಾಟಿದ ಇಬ್ಬರೂ ಗಿರಗಿರನೆ ತಿರುಗಿದ ರಭಸಕ್ಕೆ ಗೋಡೆಯ ವೇಳಾಪಟ್ಟಿ ಕಳಚಿ ಬಿತ್ತು. ಹೆಡ್‌ಮೇಡಂ ಏದುಸಿರು ಬಿಡುತ್ತ ಕೈ ಬಿಟ್ಟರು.

"ನಿಲ್ಲಸಬ್ಯಾಡ್ರಿ," ಎಂದರು ಅಕ್ಕೋರು. "ನಿಂತ್ರ ಅಳು ಬರತೈತಿ. ನಿಮ್ಮನ್ನ ಬಿಟ್ಟು ಹೋಗೂದು ಈಗ ಖರೇ ಆತು."

ನಾನು ಎದ್ದು ಅವರ ಕೈ ಹಿಡಿದೆ. ಗಂಟೆ ಬಾರಿಸಿದ ಮೇಲೂ ನಾವೆಲ್ಲ ಸರದಿಯಂತೆ ಅವರನ್ನು ತಿರುಗಿಸುತ್ತಲೇ ಇದ್ದೆವು.