ಕಡಲಿಗೆ ಕೊಟ್ಟ ಆಟದ ಪುಸ್ತಕಗಳು

ಮಕ್ಕಳೇ, ನಿಮ್ಮ ಅಜ್ಜನ ಆಟದ ಪುಸ್ತಕಗಳನ್ನು ಮಳೆನೀರು ಒಯ್ದಿತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರಿಗೂ ಹಾಗೆ ಹೇಳಿದವಳು ನಾನು. ಅದು ನಿಜವಲ್ಲ. ನೀವು ಕನ್ನಡ ಓದುವುದು ನಿಧಾನ ಎಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ.

ಆಗ ನಾವು ಗೋರೆಗಾಂವ್‌ನ ಒಂದು ಚಾಳಿನಲ್ಲಿ, ನೆಲಮಟ್ಟದ ಒಂದೇ ಕೋಣೆಯ ಖೋಲಿಯಲ್ಲಿದ್ದೆವು. ಅಜ್ಜ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಭಾನುವಾರ ಮಧ್ಯಾಹ್ನ ನಮ್ಮ ಕಡೆಯ ಗಂಡಸರೆಲ್ಲ ಚಾಳಿನ ಅಂಗಳದಲ್ಲಿ ಸೇರಿ ದೊಡ್ಡಾಟದ ತಾಲೀಮು ಮಾಡುತ್ತಿದ್ದರು. ದೊಡ್ಡಾಟ ಎಂದರೆ ರಾಜ, ರಾಣಿ, ರಾಕ್ಷಸರ ವೇಷ ಹಾಕಿ, ಹಾಡಿ ಕುಣಿದು ಕಥೆ ಹೇಳುವ ಆಟ. ಆಟ ಕಲಿಸುವ ಮಾಸ್ತರರಿಗೆ ಅಕ್ಷರ ಬರುತ್ತಿರಲಿಲ್ಲ. ಇಡೀ ಆಟ ಅವರ ಬಾಯಲ್ಲಿತ್ತು. ಅವರು ಹೇಳುತ್ತ ಹೋದರು, ಏಳನೆಯ ಇಯತ್ತೆ ಓದಿದ್ದ ಅಜ್ಜ ಬರೆಯುತ್ತ ಹೋದರು. ಹಾಗೆ ಮೂರು ಉದ್ದನೆಯ ನೋಟುಬುಕ್ಕುಗಳು ತುಂಬಿದವು. ಮಾಸ್ತರರು ತೀರಿಕೊಂಡ ಮೇಲೆ ಆ ಆಟ ಅವರ ಊರಿನಲ್ಲೂ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ. ಇದ್ದದ್ದು ನಮ್ಮ ಖೋಲಿಯಲ್ಲಿ ಮಾತ್ರ.

ಆಟದ ಪುಸ್ತಕವನ್ನು ನಮ್ಮವರು ಬರೀ ಪುಸ್ತಕ ಎನ್ನುವುದಿಲ್ಲ. ಅದನ್ನು ದೇವರ ಜಗಲಿಯ ಮೇಲೆ, ಮೂರ್ತಿಗಳ ಪಕ್ಕದಲ್ಲಿ ಇಡುತ್ತಾರೆ. ತಾಲೀಮಿಗೆ ತೆಗೆಯುವ ಮೊದಲು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈಮುಗಿಯುತ್ತಾರೆ. ಹೆಂಗಸರು ಆಟದಲ್ಲಿ ಸೇರುವ ಹಾಗಿರಲಿಲ್ಲ. ನಾನು ಬಾಗಿಲ ಒಳಗೆ ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ರಾಣಿಯ ಪಾತ್ರ ಮಾಡುತ್ತಿದ್ದವನು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಅವನ ದನಿ ಮಾತ್ರ ಕೇಳಿದರೆ ಗಂಡಸು ಎಂದು ಯಾರೂ ಹೇಳುತ್ತಿರಲಿಲ್ಲ. ಅವನು ಹಾಡುವ ಪದಗಳು ನನಗೆ ಹಾಗೇ ಬಾಯಿಗೆ ಬಂದವು. ಇದು ಅಜ್ಜನಿಗೂ ಗೊತ್ತಿರಲಿಲ್ಲ.

ಹಾಸಿಗೆ ಹಿಡಿದಾಗ ಅಜ್ಜ ನನಗೆ ಹೇಳಿದ್ದು ಒಂದೇ ಮಾತು. "ಪುಸ್ತಕಕ್ಕ ಗೆದ್ದಲ ಹತ್ತಗೊಡಬ್ಯಾಡ." ನಾನು ವಾರಕ್ಕೊಮ್ಮೆ ತೆಗೆದು ಒರೆಸಿ, ಬೇವಿನ ಎಲೆ ಬದಲಿಸಿ ಇಡುತ್ತಿದ್ದೆ. ನೀರಿನ ಯೋಚನೆ ಅವರಿಗೂ ಬಂದಿರಲಿಲ್ಲ, ನನಗೂ ಬರಲಿಲ್ಲ.

ಅಜ್ಜ ಹೋದ ಮೇಲಿನ ಎರಡನೆಯ ಮಳೆಗಾಲ. ಬೆಳಿಗ್ಗೆ ಹೊಸ್ತಿಲಲ್ಲಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಮೊಣಕಾಲಿಗೆ ಬಂತು. ಲೋಕಲ್ ರೈಲು ನಿಂತು ನಿಮ್ಮಪ್ಪ ಆಫೀಸಿನಲ್ಲೇ ಸಿಕ್ಕಿಬಿದ್ದಿದ್ದ. ನಾನು ರೇಷನ್ ಕಾರ್ಡು, ನಿಮ್ಮಪ್ಪನ ಸರ್ಟಿಫಿಕೇಟುಗಳ ಚೀಲ ಎತ್ತಿಕೊಂಡು ಮೇಲಿನ ಖೋಲಿಯ ಅಕ್ಕನ ಮನೆಗೆ ಹೋದೆ. ಅವರೂ ನಮ್ಮ ಕಡೆಯವರೇ, ನನಗಿಂತ ಹತ್ತು ವರ್ಷ ದೊಡ್ಡವರು. ಜಗಲಿ ನನ್ನ ಎದೆಯ ಎತ್ತರಕ್ಕಿತ್ತು. ಅಷ್ಟೆತ್ತರಕ್ಕೆ ನೀರು ಎಲ್ಲಿ ಬರುತ್ತದೆ ಎಂದುಕೊಂಡೆ. ದೇವರನ್ನು ಗಡಿಬಿಡಿಯಲ್ಲಿ, ಸ್ನಾನವಿಲ್ಲದ ಮೈಯಲ್ಲಿ ಮುಟ್ಟುವುದು ಬೇಡ ಎಂದೂ ಅನಿಸಿತ್ತು.

ನೀರು ಇಳಿದ ಮೇಲೆ ಹೋಗಿ ನೋಡಿದರೆ ಮೂರೂ ಪುಸ್ತಕಗಳು ನೆನೆದ ರೊಟ್ಟಿಯ ಹಾಗೆ ಉಬ್ಬಿದ್ದವು. ಒಂದನ್ನು ಬಿಡಿಸಲು ಹೋದೆ. ಹಾಳೆ ಬೆರಳಿಗೇ ಅಂಟಿ ಹರಿದು ಬಂತು. ಮತ್ತೆ ಮುಟ್ಟಲಿಲ್ಲ.

ಮೇಲಿನ ಅಕ್ಕ ಬಂದು ನೋಡಿದರು. "ತಂಗಿ, ಇವು ಮುಗದಾವ. ಮುಗದದ್ದನ್ನ ಜಗಲಿ ಮ್ಯಾಲೆ ಇಡಬಾರದು, ಕಸದಾಗೂ ಒಗಿಬಾರದು. ಹರಿಯೂ ನೀರಿಗೆ ಬಿಟ್ಟು ಬರೂಣು ನಡಿ" ಎಂದರು. ನನಗೂ ಅದೇ ಸರಿ ಕಂಡಿತು. ಭಿನ್ನವಾದ ಮೂರ್ತಿ, ಹರಿದ ದೇವರ ಪುಸ್ತಕ, ಎಲ್ಲವನ್ನೂ ನಮ್ಮಲ್ಲಿ ಹಾಗೇ ಕಳಿಸುತ್ತಾರೆ. ನಿಮ್ಮಪ್ಪನನ್ನೂ ಕೇಳಲಿಲ್ಲ.

ಹೊಸ ಖಣದ ಬಟ್ಟೆಯಲ್ಲಿ ಮೂರನ್ನೂ ಕಟ್ಟಿ, ಅರಿಸಿನ ಕುಂಕುಮ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮಲಾಡ್ ದಾಟಿ ಕಡಲಿಗೆ ಹೋದೆವು. ಗಂಟಿನಿಂದ ನೀರು ಇಳಿದು ನನ್ನ ಸೀರೆಯೆಲ್ಲ ಒದ್ದೆಯಾಯಿತು. ಮೊಣಕಾಲ ನೀರಿಗೆ ಇಳಿದು ಬಿಟ್ಟೆ. ತೆರೆ ಅದನ್ನು ಹೊರಳಿಸಿ ನನ್ನ ಕಾಲ ಬಳಿಗೇ ತಂದು ಹಾಕಿತು. ಅಕ್ಕ ದಂಡೆಯ ಮೇಲಿಂದ, "ನಿನ್ನ ಗಂಡನಂಗ ಐತಿ ನೋಡು, ಹೋಗು ಅಂದ್ರ ಹೊಳ್ಳಿ ಬರತೈತಿ" ಎಂದರು. ನಾನೂ ನಕ್ಕೆ. ನಕ್ಕು, ಇನ್ನೂ ಒಳಗೆ ಹೋಗಿ, ಎರಡೂ ಕೈಯಿಂದ ಅದುಮಿ ತಳ್ಳಿದೆ.

ಐದಾರು ದಿನ ಬಿಟ್ಟು ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಮ್ಯೂಸಿಯಂನಲ್ಲಿ ಹಳೆಯ ಕಾಗದಗಳನ್ನು ರಿಪೇರಿ ಮಾಡುವ ಕೆಲಸವಂತೆ. ತಂದೆ ತಾಯಿ ಮೈಸೂರಿನ ಕಡೆಯವರು. ತಂಡದಲ್ಲಿ ಮದ್ದಳೆ ಬಾರಿಸುತ್ತಿದ್ದ ಮುದುಕರು ಪುಸ್ತಕದ ವಿಷಯ ಹೇಳಿ ಕಳಿಸಿದ್ದರು. ಕೈಯಲ್ಲಿ ದೊಡ್ಡ ಚೀಲ, ಅದರ ತುಂಬ ಬಿಳಿಯ ಹೀರುಕಾಗದ.

"ಅಮ್ಮ, ಬಾಲ್‌ಪೆನ್ನಲ್ಲಿ ಬರೆದಿದ್ರೆ ಏನೂ ಹೆದರ್ಬೇಡಿ" ಎಂದಳು. "ಬಿಡಿಸೋಕೆ ಹೋಗ್ಬಾರ್ದು ಅಷ್ಟೇ. ಪ್ಲಾಸ್ಟಿಕ್ಕಲ್ಲಿ ಸುತ್ತಿ ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಟ್ಬಿಟ್ರೆ ಆಮೇಲೆ ನಿಧಾನವಾಗಿ ಒಂದೊಂದೇ ಹಾಳೆ ಬಿಡಿಸ್ಬಹುದು. ಎಲ್ಲಿವೆ?"

ಬಾಲ್‌ಪೆನ್ನಿನಲ್ಲೇ ಬರೆದದ್ದು. ಮೇಲಿನ ಅಕ್ಕನ ಮನೆಯಲ್ಲಿ ಫ್ರಿಜ್ ಇತ್ತು. ಕರೆಂಟು ಮರುದಿನವೇ ಬಂದಿತ್ತು.

ನೀರಿನಲ್ಲಿ ಕೊಚ್ಚಿಹೋದವು ಎಂದು ಹೇಳಿಬಿಟ್ಟೆ. ಅವಳು ಗೋಡೆಯ ಮೇಲಿನ ನೀರಿನ ಗುರುತು ನೋಡಿದಳು, ಮುಚ್ಚಿದ ಮನೆಯಿಂದ ಅವು ಹೇಗೆ ಹೋದವು ಎಂಬಂತೆ ಬಾಗಿಲು ನೋಡಿದಳು, ಚೀಲ ಕೆಳಗಿಟ್ಟಳು. ಚಹಾ ಕುಡಿಯುತ್ತ, ಯುದ್ಧ ನಡೆಯುವ ದೇಶಗಳಲ್ಲಿ ಜನ ಬಾಂಬು ಬೀಳುವಾಗಲೂ ಹಳೆಯ ಪುಸ್ತಕಗಳನ್ನು ಗೋಣಿಚೀಲದಲ್ಲಿ ಹೊತ್ತು ಬಚ್ಚಿಡುತ್ತಾರೆ ಎಂದು ಹೇಳಿದಳು. ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಆದರೆ ನನಗೆ ತಲೆ ಎತ್ತಲು ಆಗಲಿಲ್ಲ. ಹಾಡು ಯಾವುದಾದರೂ ನೆನಪಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಅದು ಎರಡನೆಯ ಸುಳ್ಳು. ಫೋನ್ ನಂಬರು ಬರೆದಿಟ್ಟು ಹೋದಳು.

ಆಮೇಲೆ ಟಿವಿಯಲ್ಲಿ ಎಲ್ಲಿಯದೋ ಒಡೆದ ಗುಡಿ, ಸುಟ್ಟ ಗ್ರಂಥಾಲಯ ತೋರಿಸಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅಜ್ಜಿಗೆ ಯುದ್ಧ ನೋಡಿದರೆ ಭಯ ಎಂದು ನೀವು ನಗುತ್ತಿದ್ದಿರಿ. ಅವರ ಮನೆಗೆ ಬಂದದ್ದು ಶತ್ರು. ನನ್ನ ಮನೆಯಲ್ಲಿ ಆ ಕೆಲಸವನ್ನು ನಾನೇ, ಕೈಮುಗಿದು ಮಾಡಿದ್ದೆ.

ಹೋದ ತಿಂಗಳು, ತಂಡದಲ್ಲಿ ಉಳಿದಿದ್ದ ಕೊನೆಯವರು, ಮದ್ದಳೆಯ ಮುದುಕರೂ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ನಿಮ್ಮಮ್ಮನಿಂದ ಆ ಹುಡುಗಿಗೆ ಫೋನ್ ಮಾಡಿಸಿದೆ. ಅವಳು ಮನೆಗೇ ಬಂದಳು. ಈಗ ಅವಳ ಕೂದಲೂ ಅಲ್ಲಲ್ಲಿ ನರೆತಿದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು, "ಅಮ್ಮ, ಅವತ್ತೇ ನಾನು ಇನ್ನೊಂದು ಸಲ ಕೇಳ್ಬೇಕಿತ್ತು" ಎಂದಳು.

ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವಾಗ ರಾಣಿಯ ಪದಗಳನ್ನು ಹಾಡಿದೆ. ನಾಲ್ಕು ಬಂದವು. ರಾಜ ಕೇಳುತ್ತಾನೆ, ರಾಣಿ ಉತ್ತರ ಕೊಡುತ್ತಾಳೆ. ನನಗೆ ಬರುವುದು ಉತ್ತರ ಮಾತ್ರ. ರಾಜ ಏನು ಕೇಳಿದ ಎಂಬುದು ಪುಸ್ತಕದಲ್ಲಿತ್ತು. ಅವನ ಸರದಿ ಬಂದಾಗಲೆಲ್ಲ ನಾನು ಸುಮ್ಮನಾಗಿದ್ದೇನೆ, ಅಲ್ಲಿ ಫ್ಯಾನಿನ ಸದ್ದು ಕೇಳುತ್ತದೆ. ಆ ಜಾಗಗಳನ್ನು ಕತ್ತರಿಸಲೇ ಎಂದು ಕೇಳಿದಳು. ಬೇಡ, ಇರಲಿ ಎಂದೆ.