ಧೂಳೇಳದ ಚೆಂಡು

ನಾನು ನಿಂತಿದ್ದದ್ದು ತಿರುವನಂತಪುರದ ಒಂದು ಟೆನಿಸ್ ಕ್ಲಬ್ಬಿನ ಮೂರನೆಯ ಅಂಗಣದಲ್ಲಿ, ಅದರ ದಕ್ಷಿಣದ ಅರ್ಧದಲ್ಲಿ, ನೆಟ್ಟಿನಿಂದ ಒಂದೂವರೆ ಹೆಜ್ಜೆ ಹಿಂದೆ, ಬಲಬದಿಗೆ. ಫೆಬ್ರವರಿಯ ಕೊನೆಯ ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಒಂದು ನಿಮಿಷ ಆಚೀಚೆ ಇರಬಹುದು. ಟೈಬ್ರೇಕಿನ ಹನ್ನೆರಡನೆಯ ಪಾಯಿಂಟ್ ಮುಗಿದು ಬದಿ ಬದಲಿಸುವಾಗ ಕ್ಲಬ್ಬಿನ ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆ ಆರು ನಿಮಿಷ ಆಗಿತ್ತು. ಆಮೇಲೆ ಐದು ಪಾಯಿಂಟ್ ಆಡಿದ್ದೆವು. ಆರನೆಯದು ನಡೆಯುತ್ತಿತ್ತು. ಸೂರ್ಯ ನನ್ನ ಎಡಕ್ಕಿದ್ದ. ತಿರುಗಿ ನೋಡಿದಾಗ ಬಲಕ್ಕೆ ಬಂದ. ಯಾವ ಹೊತ್ತಿನಲ್ಲೂ ನನ್ನ ಕಣ್ಣಿಗೆ ನೇರವಾಗಿ ಬೀಳಲಿಲ್ಲ.

ಇಷ್ಟು ವಿವರ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನನ್ನ ಊರು ಕಾಸರಗೋಡು. ಆದರೆ ಮೂವತ್ತೊಂದು ವರ್ಷ ಎರ್ನಾಕುಲಂನ ನ್ಯಾಯಾಲಯಗಳಲ್ಲಿ ಸ್ಟೆನೋ ಆಗಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡೆ. ಯಾವ ಸಾಕ್ಷಿ ಕಟಕಟೆ ಹತ್ತಿದರೂ ವಕೀಲರು ಕೇಳುವುದು ಒಂದೇ: ನೀವು ಎಲ್ಲಿ ನಿಂತಿದ್ದಿರಿ, ಎಷ್ಟು ದೂರ, ಬೆಳಕು ಹೇಗಿತ್ತು. ತಡಬಡಿಸಿದವನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಎರ್ನಾಕುಲಂನ ನಮ್ಮ ಕ್ಲಬ್ಬಿನ ಸ್ಮರಣ ಸಂಚಿಕೆಯಲ್ಲಿ, ‘ಜೊತೆ ಆಟಗಾರರೊಬ್ಬರ ಗೊಂದಲದಿಂದ ಭಾರತ ತಂಡ ಫೈನಲ್ ತಪ್ಪಿಸಿಕೊಂಡಿತು’ ಎಂದು ಅಚ್ಚಾಗಿದೆ. ಆ ಜೊತೆ ಆಟಗಾರ ನಾನು. ನನಗೆ ಗೊಂದಲ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅರುವತ್ತು ದಾಟಿದ ಹವ್ಯಾಸಿಗಳಿಗೆ ದೇಶ ದೇಶಗಳ ನಡುವೆ ತಂಡದ ಪಂದ್ಯಾವಳಿ ಇರುತ್ತದೆ ಎಂಬುದು ನನಗೂ ಐವತ್ತೆಂಟರವರೆಗೆ ಗೊತ್ತಿರಲಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಿಂಗಲ್ಸ್, ಒಂದು ಡಬಲ್ಸ್. ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ. ಕೊಚ್ಚಿಯಲ್ಲಿ ನಡೆದ ಆಯ್ಕೆಯಲ್ಲಿ ನಾಲ್ವರನ್ನು ಆರಿಸಿದರು. ಡಬಲ್ಸ್‌ಗೆ ನಾನು ಮತ್ತು ನನ್ನ ಗೆಳೆಯ. ಅವನ ಮನೆ ಕೊಚ್ಚಿ ಪಕ್ಕದ ಅಂಬಲಮುಗಳಿನಲ್ಲಿ. ಪಂಪು, ಪೈಪುಗಳ ನಡುವೆ ಜೀವನ ಕಳೆದ ಎಂಜಿನಿಯರ್, ಮಲಯಾಳಿ. ಹತ್ತೊಂಬತ್ತು ವರ್ಷ ನಾವಿಬ್ಬರೂ ಬೆಳಿಗ್ಗೆ ಆರೂವರೆಗೆ ಎರ್ನಾಕುಲಂನ ನಮ್ಮ ಕ್ಲಬ್ಬಿನಲ್ಲಿ ಒಂದೇ ಬದಿಯಲ್ಲಿ ನಿಂತು ಆಡಿದ್ದೆವು. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಎಡೋ ಕಾಸ್ರೋಡೇ” ಎನ್ನುತ್ತಿದ್ದ. ನೀಲಿ ಅಂಗಿ ಬಂದ ದಿನ ಬೆನ್ನಿನ ಮೇಲೆ ದೇಶದ ಹೆಸರು ನೋಡಿ, “ಎಡೋ, ಇದನ್ನು ಹಾಕಿದ ಮೇಲೆ ನಮಗೆ ಬೆನ್ನುನೋವು ಬರಬಾರದು, ದೇಶಕ್ಕೆ ನೋವಾದೀತು” ಎಂದಿದ್ದ.

ಇಂಥ ಪಂದ್ಯಗಳಲ್ಲಿ ಎತ್ತರದ ಕುರ್ಚಿಯ ಮೇಲೆ ಅಂಪೈರ್ ಇರುವುದಿಲ್ಲ. ನಮ್ಮ ಬದಿಯಲ್ಲಿ ಬಿದ್ದ ಚೆಂಡು ಒಳಗೋ ಹೊರಗೋ ಎಂದು ನಾವೇ ಹೇಳಬೇಕು, ಅವರ ಬದಿಯದನ್ನು ಅವರು. ಅನುಮಾನ ಬಂದರೆ ಎದುರಾಳಿಗೆ ಬಿಟ್ಟುಕೊಡಬೇಕು. ಮೂರು ನಾಲ್ಕು ಅಂಗಣಗಳಿಗೆ ಒಬ್ಬ ರೆಫರಿ ಅಡ್ಡಾಡುತ್ತಿರುತ್ತಾರೆ, ಜಗಳವಾದರೆ ಕರೆಯಬಹುದು. ಮಣ್ಣಿನ ಅಂಗಣವಾದರೆ ಇನ್ನೊಂದು ನಿಯಮ. ಹೊರಗೆ ಬಿತ್ತು ಎಂದವನು ಮಣ್ಣಿನಲ್ಲಿ ಮೂಡಿದ ಗುರುತನ್ನು ತೋರಿಸಬೇಕು. ಆ ಗುರುತನ್ನು ತಾನೇ ಅಳಿಸಿದರೆ ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡಂತೆ.

ನಮ್ಮ ಎರ್ನಾಕುಲಂ ಕ್ಲಬ್ಬಿನ ಪದ್ಧತಿ ಇದಕ್ಕೆ ತಿರುಗುಮುರುಗು. ಅಲ್ಲಿ ಚೆಂಡು ಹೊರಗೆ ಬಿದ್ದ ಕೂಡಲೇ ಬೂಟಿನ ತುದಿಯಿಂದ ಗುರುತು ಉಜ್ಜಿಬಿಡುತ್ತೇವೆ. ಹಳೆಯ ಗುರುತು ಉಳಿದರೆ ಮುಂದಿನ ಚೆಂಡಿಗೆ ತಕರಾರು ಹುಟ್ಟುತ್ತದೆ ಎಂದು ಹಿರಿಯರು ಕಲಿಸಿದ್ದು. ನಮ್ಮಿಬ್ಬರದೂ ಹತ್ತೊಂಬತ್ತು ವರ್ಷ ಉಜ್ಜಿದ ಕಾಲು.

ಆ ಶನಿವಾರ ನಮ್ಮ ಎದುರು ಶ್ರೀಲಂಕಾ. ಸಿಂಗಲ್ಸ್ ಒಂದು ನಮಗೆ, ಒಂದು ಅವರಿಗೆ. ಡಬಲ್ಸ್ ಗೆದ್ದವರು ಫೈನಲ್‌ಗೆ. ಒಂದೊಂದು ಸೆಟ್ ಆಗಿ, ಹತ್ತು ಪಾಯಿಂಟಿನ ಟೈಬ್ರೇಕಿನಲ್ಲಿ ನಾವು ಒಂಬತ್ತು, ಅವರು ಎಂಟು. ಇನ್ನೊಂದು ಬೇಕಿತ್ತು. ಸರ್ವ್ ಅವರದು. ಎಡಬದಿಯಿಂದ ನನ್ನ ಗೆಳೆಯ ಚೆನ್ನಾಗಿಯೇ ಹಿಂತಿರುಗಿಸಿದ. ಅವರಲ್ಲಿ ಒಬ್ಬರು, ತೆಳ್ಳಗಿನ ನಿವೃತ್ತ ಶಾಲಾ ಮೇಷ್ಟ್ರು, ಚೆಂಡನ್ನು ನನ್ನ ತಲೆಯ ಮೇಲಿಂದ ಎತ್ತಿ ಕಳಿಸಿದರು. ನಾನು ಹಾರಿದೆ. ಸಿಗಲಿಲ್ಲ. ಕಾಲು ನೆಲಕ್ಕೆ ತಾಗುವಾಗಲೇ ತಿರುಗಿದೆ. ಗೆಳೆಯ ಎಡದಿಂದ ಬಲಕ್ಕೆ ಓಡುತ್ತಿದ್ದ.

ಚೆಂಡು ಹಿಂದಿನ ಗೆರೆಯ ಮೇಲೆ ಬಿತ್ತು. ಅಲ್ಲಿ ಗೆರೆ ಎಂದರೆ ನೆಲಕ್ಕೆ ಮೊಳೆ ಹೊಡೆದು ಕೂರಿಸಿದ ಬಿಳಿ ಪಟ್ಟಿ. ಮಣ್ಣಿಗೆ ಬಿದ್ದ ಚೆಂಡು ಚಿಟಿಕೆಯಷ್ಟಾದರೂ ಕೆಂಪು ಧೂಳು ಎಬ್ಬಿಸುತ್ತದೆ. ಪಟ್ಟಿಗೆ ಬಿದ್ದದ್ದು ಎಬ್ಬಿಸುವುದಿಲ್ಲ, ಟಕ್ ಎಂದು ತಗ್ಗಾಗಿ ಜಾರುತ್ತದೆ. ಧೂಳು ಏಳಲಿಲ್ಲ. ಚೆಂಡು ಜಾರಿತು. ನನಗೂ ಗೆರೆಗೂ ಮೂವತ್ತೈದು ಅಡಿ ಅಂತರ. ನನ್ನ ಗೆಳೆಯನಿಗೂ ಗೆರೆಗೂ ಆರು ಅಡಿ.

“ಔಟ್!” ಎಂದು ಕೂಗಿ ಅವನು ಕೈ ಎತ್ತಿದ. ನಮ್ಮ ಬೆಂಚಿನವರು ಎದ್ದು ನಿಂತರು. ಅಷ್ಟರಲ್ಲಿ ಅವನ ಬಲಗಾಲು, ಕೇಳದೆಯೇ, ಗೆರೆಯ ಹಿಂದಿನ ಮಣ್ಣನ್ನು ಎರಡು ಸಲ ಉಜ್ಜಿತು.

ಮೇಷ್ಟ್ರು ನೆಟ್ಟಿನ ಬಳಿ ಬಂದು, ಗುರುತು ನೋಡಬಹುದೇ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದರು. ತೋರಿಸಲು ಬೂಟಿನ ಗೀರು ಬಿಟ್ಟರೆ ಏನೂ ಇರಲಿಲ್ಲ. ರೆಫರಿ ಬಂದರು. “ನಾನು ಅಳಿಸಿಲ್ಲ, ಓಡಿ ಬಂದ ಕಾಲು ಜಾರಿದ್ದು” ಎಂದ ನನ್ನ ಗೆಳೆಯ. ಅಳಿಸಿದ್ದನ್ನು ರೆಫರಿ ಕಂಡಿರಲಿಲ್ಲ. ಅವರು ನನ್ನ ಕಡೆ ತಿರುಗಿದರು. ನೀವು ಅವರ ಜೊತೆಗಾರ, ಚೆಂಡು ಬಿದ್ದದ್ದನ್ನು ಕಂಡಿರಾ ಎಂದರು.

ಕಟಕಟೆ ಹತ್ತಿದವರನ್ನು ಮೂವತ್ತೊಂದು ವರ್ಷ ಕೆಳಗೆ ಕೂತು ನೋಡಿದವನು, ಈಗ ನಾನೇ ಹತ್ತಿ ನಿಂತಿದ್ದೆ. ನನ್ನ ಗೆಳೆಯ ನನ್ನನ್ನು ನೋಡಲಿಲ್ಲ. ರ‍್ಯಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ಸರಿಮಾಡುತ್ತಿದ್ದ.

“ಕಂಡೆ. ಚೆಂಡು ಗೆರೆಯ ಮೇಲೆ ಬಿತ್ತು” ಎಂದೆ.

ಒಂಬತ್ತು ಒಂಬತ್ತು ಆಯಿತು. ಹದಿನೆಂಟು ಪಾಯಿಂಟ್ ಆದದ್ದರಿಂದ ನಿಯಮದಂತೆ ಬದಿ ಬದಲಿಸಬೇಕಿತ್ತು. ನೆಟ್ಟಿನ ಕಂಬ ದಾಟುವಾಗ ಅವನು ಮಲಯಾಳದಲ್ಲಿ ಕೇಳಿದ, “ಎಡೋ, ನಿನ್ನನ್ನು ಯಾರು ಕೇಳಿದರು?”

“ರೆಫರಿ ಕೇಳಿದರು” ಎಂದೆ.

“ಕಾಣಲಿಲ್ಲ ಅಂದಿದ್ದರೆ ಸಾಕಿತ್ತಲ್ಲ.”

ನಾನು ಬಲಬದಿಗೆ ಹೋಗಿ ಸರ್ವ್ ಎದುರಿಸಲು ನಿಂತೆ.

ಮುಂದಿನದನ್ನೂ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ. ಮರುಪಾಯಿಂಟಿನಲ್ಲಿ ಅವರ ಸರ್ವ್ ನನ್ನ ಕಡೆ ಬಂತು. ನಾನು ನೆಟ್ಟಿಗೆ ಹೊಡೆದೆ. ತಪ್ಪು ನನ್ನದೇ. ಒಂಬತ್ತು ಹತ್ತು. ಆಮೇಲೆ ಸರ್ವ್ ನನ್ನ ಗೆಳೆಯನದು. ಮೊದಲನೆಯದು ಉದ್ದವಾಯಿತು, ಎರಡನೆಯದು ನೆಟ್ಟಿಗೆ ಬಿತ್ತು. ಸೋತೆವು. ಆ ಡಬಲ್ ಫಾಲ್ಟಿನ ಬಗ್ಗೆ ಸಂಚಿಕೆಯಲ್ಲಿ ಒಂದು ಪದವೂ ಇಲ್ಲ.

ಬೆಂಚಿನಲ್ಲಿ ನನಗೆ ಜಾಗ ಇತ್ತು, ಆದರೆ ಎರಡೂ ಬದಿಯಲ್ಲಿ ಯಾರೂ ಕೂರಲಿಲ್ಲ. ಗೆಳೆಯನ ಹೆಂಡತಿ ಪಂದ್ಯವಿಡೀ ಹಿಂದಿನ ಗೆರೆಯ ನೇರಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಅವರನ್ನು ಚೇಚ್ಚಿ, ಎಂದರೆ ಅಕ್ಕ, ಎನ್ನುತ್ತೇನೆ. ಅವರು ಎದ್ದು ಬಂದು ನೀರಿನ ಬಾಟಲಿ ಕೈಗೆ ಕೊಟ್ಟು, “ಕುಡಿಯಿರಿ ಸಾರ್” ಎಂದು ಅಷ್ಟೇ ಹೇಳಿ ಹೋದರು.

ತಂಡದ ಮ್ಯಾನೇಜರ್ ಮೈಸೂರಿನವರು. ಬೈಯುವಾಗಲಾದರೂ ಕನ್ನಡ ಕೇಳಿತು. “ಅಲ್ಲಾ ಸಾರ್, ಬೆನ್ ಮೇಲೆ ದೇಶದ ಹೆಸ್ರು ಹಾಕ್ಕೊಂಡು ಆ ಕಡೆಯವ್ರಿಗೆ ಸಾಕ್ಷಿ ಹೇಳ್ತೀರಲ್ಲ, ನಿಮ್ಗೇನಾಗಿದೆ?”

“ಹೆಸರು ಬೆನ್ನಿನಲ್ಲಿ ಉಂಟಲ್ಲ, ಅದಕ್ಕೇ ಹೇಳಿದ್ದು” ಎಂದೆ.

“ಡೈಲಾಗ್ ಬೇಡ ಸಾರ್. ಬಲಗಣ್ಣಿಗೆ ಪೊರೆ ತೆಗೆಸಿ ಐದು ತಿಂಗಳಾಯ್ತು ಅಂತ ಫಾರಂನಲ್ಲಿ ನೀವೇ ಬರ್ದಿದೀರಿ. ಒಂದು ಲೆಟರ್ ಕೊಡಿ. ಆ ಕ್ಷಣಕ್ಕೆ ಸರಿಯಾಗಿ ಕಾಣಲಿಲ್ಲ, ಗಡಿಬಿಡೀಲಿ ಹೇಳ್ಬಿಟ್ಟೆ ಅಂತ. ನಿಮ್ ಪಾರ್ಟ್‌ನರ್ ಮರ್ಯಾದೆನೂ ಉಳಿಯುತ್ತೆ, ಮುಂದಿನ ವರ್ಷ ನಿಮ್ ಜಾಗಾನೂ ಉಳಿಯುತ್ತೆ.”

“ಸರಿಯಾಗಿ ಕಂಡಿತ್ತು.”

“ಮೂವತ್ತೈದು ಅಡಿಯಿಂದ?”

“ಹೌದು.”

“ಆರಡೀಲಿದ್ದೋರಿಗೆ ಕಾಣ್ದೇ ಇದ್ದದ್ದು?”

“ಅವನಿಗೆ ಎಂಥ ಕಂಡಿತು ಅಂತ ಅವನನ್ನೇ ಕೇಳಿ.”

ಸಂಜೆ ಹೆಂಡತಿಗೆ ಫೋನ್ ಮಾಡಿದೆ. ಅವಳು ಎಲ್ಲ ಕೇಳಿ, “ನಿಮಗೆ ಎಂಥ ಮರ್ಲಾ? ಬಾಯಿ ಮುಚ್ಚಿ ಇದ್ದಿದ್ರೆ ಆಗ್ತಿರ್ಲಿಲ್ವಾ?” ಎಂದಳು. ಮತ್ತೆ, “ಬಿದ್ದದ್ದು ಒಳಗೆಯಾ?” ಎಂದಳು. ಒಳಗೆ ಎಂದೆ. “ಹಾಗಾದ್ರೆ ಆಯ್ತು. ಬರುವಾಗ ಚಾಲೈ ಪೇಟೆಯಿಂದ ಒಳ್ಳೆ ಒಣಮೆಣಸು ತನ್ನಿ.”

ಮರುದಿನ ತಂಡದ ಉಳಿದ ಮೂವರೂ ನೀಲಿ ಅಂಗಿ ಚೀಲಕ್ಕೆ ಹಾಕಿದರು. ನಾನು ಹಾಕಿಕೊಂಡೇ ಚಾಲೈಗೆ ಹೋದೆ. ಮೆಣಸು ತೂಗುತ್ತಿದ್ದ ಅಂಗಡಿಯವನು ನನ್ನ ಬೆನ್ನು ಓದಿ, “ಕ್ರಿಕೆಟ್ಟಾ ಸಾರೇ?” ಎಂದ. ಟೆನಿಸ್ ಎಂದೆ. “ಈ ಪ್ರಾಯದಲ್ಲಾ! ಜಯಿಚ್ಚೋ?” ಇಲ್ಲ, ಸೋತೆವು ಎಂದೆ. “ಸಾರಮಿಲ್ಲ” ಎಂದು ಒಂದು ಹಿಡಿ ಮೆಣಸು ಮೇಲಿಂದ ಹಾಕಿದ. ಆ ವಾರ ನನಗೆ ಪರವಾಗಿಲ್ಲ ಎಂದವನು ಅವನೊಬ್ಬನೇ.

ಎರ್ನಾಕುಲಂಗೆ ಬಂದ ಮೇಲೆ ಕ್ಲಬ್ಬಿನಲ್ಲಿ ನನ್ನ ಬಲಗಣ್ಣು ದೊಡ್ಡ ವಿಷಯವಾಯಿತು. “ಕಾಸ್ರೋಡಿಗೆ ಈಗ ಗೆರೆ ಎರಡೆರಡು ಕಾಣುತ್ತದೆ” ಎಂದು ಯಾರೋ ಹೇಳಿ ಎಲ್ಲರೂ ನಕ್ಕರು. ನನ್ನ ಗೆಳೆಯ ನಗಲಿಲ್ಲ, ತಡೆಯಲೂ ಇಲ್ಲ. ಬೇರೆಯವರ ಜೊತೆ ಆಡತೊಡಗಿದ. ದಿನವೂ ಅದೇ ಮಾತು ಕೇಳಿ ಕೇಳಿ, ಮೂರನೆಯ ವಾರದ ಹೊತ್ತಿಗೆ ನನಗೇ ಅನುಮಾನ ಬಂತು. ಇದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಎದ್ದಾಗ ಆ ಚೆಂಡಿನ ಹಿಂದೆ ಒಂದೊಂದು ದಿನ ಧೂಳು ಎದ್ದಂತೆ ಕಾಣಿಸುತ್ತಿತ್ತು. ಕೋರ್ಟಿನಲ್ಲಿ ಒಳ್ಳೆಯ ಸಾಕ್ಷಿಗಳು ಮೂರನೆಯ ದಿನದ ಪ್ರಶ್ನೆಗಳಿಗೆ ಯಾಕೆ ಕುಸಿಯುತ್ತಿದ್ದರು ಎಂದು ಆಗ ಅರ್ಥವಾಯಿತು.

ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಅಕ್ಷರದ ಹಲಗೆ ಓದಿಸಿ, “ನನ್ನ ಕಣ್ಣಿಗಿಂತ ನಿಮ್ಮದು ಚೆನ್ನಾಗಿದೆ, ಯಾಕೆ ಬಂದಿರಿ?” ಎಂದರು. ಅದೂ ಸಾಲದೆ, ಒಂದು ಮಧ್ಯಾಹ್ನ ಕ್ಲಬ್ಬು ಖಾಲಿಯಿದ್ದಾಗ ಹೆಂಡತಿಯನ್ನು ಕರೆದುಕೊಂಡು ಹೋದೆ. ನೆಟ್ಟಿನಿಂದ ಒಂದೂವರೆ ಹೆಜ್ಜೆ ಹಿಂದೆ ನಿಂತೆ. ಅವಳು ಹಿಂದಿನ ಗೆರೆಯ ಬಳಿ ನಿಂತು ಚೆಂಡು ಮೇಲೆಸೆದು “ಹೂಂ” ಎನ್ನಬೇಕು, ನಾನು ತಿರುಗಿ ಹೇಳಬೇಕು. “ಎಂಥ ಕರ್ಮ ಇದು ಈ ಬಿಸಿಲಿಗೆ” ಎನ್ನುತ್ತಲೇ ಸೀರೆ ಎತ್ತಿ ಕಟ್ಟಿ ಇಪ್ಪತ್ತು ಚೆಂಡು ಎಸೆದಳು. ಹದಿನೆಂಟು ಸರಿ ಹೇಳಿದೆ. ಎರಡು ತಪ್ಪಿದೆ. ಆ ಎರಡರಲ್ಲೂ ನಾನು ಗೆರೆಯನ್ನು ನೋಡಿದ್ದೆ, ಧೂಳನ್ನು ನೋಡಿರಲಿಲ್ಲ. ತಪ್ಪಿದ್ದು ತಪ್ಪಿದ್ದೇ, ಅದನ್ನೂ ದಾಖಲಿಸುತ್ತೇನೆ. ಆದರೆ ತಿರುವನಂತಪುರದಲ್ಲಿ ನಾನು ಧೂಳನ್ನು ನೋಡಿದ್ದೆ. ಅದು ಏಳಲಿಲ್ಲ.

ಮ್ಯಾನೇಜರ್ ಎರಡು ಸಲ ಫೋನ್ ಮಾಡಿದರು. ಕಡೆಗೆ ಲೆಟರ್ ತಾವೇ ಟೈಪ್ ಮಾಡಿಸಿ ಕಳಿಸಿದರು, ಸಹಿಯ ಜಾಗ ಮಾತ್ರ ಖಾಲಿ. ನಾಲ್ಕೇ ಸಾಲು. ಟೈಪಿನಲ್ಲಿ ಎರಡು ತಪ್ಪಿದ್ದವು. ಹಳೆಯ ಅಭ್ಯಾಸ, ತಿದ್ದಿದೆ. ಸಹಿ ಹಾಕದೆ ಹಿಂದಕ್ಕೆ ಕಳಿಸಿದೆ. ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದರ ಮುಂದಿನ ವರ್ಷವೂ ಇರಲಿಲ್ಲ. ಆಯ್ಕೆ ಆಡಲು ಎರಡೂ ಸಲ ಹೋಗಿದ್ದೆ, ನೀಲಿ ಅಂಗಿ ಹಾಕಿಕೊಂಡೇ. ಈ ವರ್ಷವೂ ಹೋಗುತ್ತೇನೆ. ಬೇಡ ಎನ್ನುವ ಕೆಲಸ ಅವರದು. ಬಾರದೆ ಉಳಿದು ಅವರ ಕೆಲಸ ಹಗುರ ಮಾಡುವುದು ನನ್ನದಲ್ಲ.

ಆ ಚೆಂಡು ಬಿದ್ದದ್ದನ್ನು ನನ್ನ ಹೊರತು ನಾಲ್ವರು ಕಂಡಿದ್ದಾರೆ. ಅದನ್ನು ಹೊಡೆದ ಶ್ರೀಲಂಕಾದ ಮೇಷ್ಟ್ರು ಕಳೆದ ವರ್ಷ ತೀರಿಕೊಂಡರು. ಅವರ ಜೊತೆ ಆಟಗಾರರೇ ಬರೆದು ತಿಳಿಸಿದರು. ಉಳಿದವರು ಬದುಕಿದ್ದಾರೆ. ಅಂಗಣಕ್ಕೆ ನೀರು ಹಾಕುವ ಮುದುಕ ಆಗ ಪೈಪು ಹಿಡಿದು ಚೆಂಡು ಬಿದ್ದ ಮೂಲೆಯಲ್ಲೇ ಕಾಯುತ್ತಿದ್ದ. ಅವನು ಈಗಲೂ ಅಲ್ಲೇ ಕೆಲಸಕ್ಕಿದ್ದಾನೆ. ಅವನನ್ನು ಯಾರೂ ಕೇಳಿಲ್ಲ. ಚೇಚ್ಚಿ ಗೆರೆಯ ನೇರಕ್ಕೇ ಕೂತಿದ್ದರು, ಎಲ್ಲರಿಗಿಂತ ಚೆನ್ನಾಗಿ ಕಾಣುವ ಜಾಗ. ಅವರನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಾಲ್ಕನೆಯವನು ನನ್ನ ಗೆಳೆಯ. ಆರೋಗ್ಯವಾಗಿದ್ದಾನೆ. ಬೆಳಿಗ್ಗೆ ಆರೂವರೆಗೆ ನನ್ನ ಪಕ್ಕದ ಅಂಗಣದಲ್ಲಿ ಆಡುತ್ತಾನೆ. ಚೆಂಡು ಹೊರಗೆ ಬಿದ್ದರೆ ಔಟ್ ಎನ್ನುತ್ತಾನೆ. ಉಳಿದವರೆಲ್ಲ ಈಗಲೂ ಬೂಟಿನಿಂದ ಗುರುತು ಉಜ್ಜುತ್ತಾರೆ. ಅವನು ಮಾತ್ರ ಉಜ್ಜುವುದಿಲ್ಲ.